ಸಂಸ್ಕಾರಕಗಳ ಬೆಲೆಯೂ ಬಲವೂ

ಗಣಕಯಂತ್ರವನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಅಂಕಿಗಳನ್ನು ನೋಡುತ್ತಾರೆ. ಒಂದು, ಅದರ ಬೆಲೆ. ಇನ್ನೊಂದು, ಅದರ ಸಂಸ್ಕಾರಕದ, ಎಂದರೆ ಪ್ರೊಸೆಸರಿನ, ಗಡಿಯಾರದ ವೇಗ. ಗಿಗಾಹರ್ಟ್ಸುಗಳ ಸಂಖ್ಯೆ ಹೆಚ್ಚಾದಷ್ಟೂ ಯಂತ್ರ ಚುರುಕಾದುದೆಂದೂ, ಬೆಲೆ ಹೆಚ್ಚಾದಷ್ಟೂ ಉತ್ತಮವಾದುದೆಂದೂ ಅವರು ಭಾವಿಸುವರು. ಈ ಎರಡು ನಂಬಿಕೆಗಳೂ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಹಳೆಯದೊಂದು ಪೈಪೋಟಿಯ ನಿದರ್ಶನದಿಂದ ವಿಚಾರ ಮಾಡೋಣ.

1974ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆ 8080 ಎಂಬ ಸಂಸ್ಕಾರಕವನ್ನು ಹೊರತಂದಿತು. ಆಗ ಒಂದು ಬಿಡಿ ಚಿಪ್ಪಿನ ಬೆಲೆ 360 ಡಾಲರು. ಮೊಟೊರೋಲಾ ಸಂಸ್ಥೆಯ 6800 ಎಂಬ ಸಂಸ್ಕಾರಕವೂ ಅದೇ ವರ್ಷ ಬಂದಿತು. ಮರುವರ್ಷ, 1975ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಪ್ರದರ್ಶನದ ಸಮಯದಲ್ಲಿ ಎಂಓಎಸ್ ಟೆಕ್ನಾಲಜಿ ಎಂಬ ಸಣ್ಣ ಸಂಸ್ಥೆ 6502 ಎಂಬ ಚಿಪ್ಪನ್ನು ಕೇವಲ 25 ಡಾಲರಿಗೆ ಮಾರಿತು! ಇದನ್ನು ರೂಪಿಸಿದ ಚಕ್ ಪೆಡಲ್ ಮೊದಲು ಮೊಟೊರೋಲಾದಲ್ಲಿಯೇ 6800ರ ಕಾರ್ಯದಲ್ಲಿ ತೊಡಗಿದ್ದವನು. ಕೆಲವೇ ವಾರಗಳಲ್ಲಿ ಮೊಟೊರೋಲಾ ತನ್ನ ಚಿಪ್ಪಿನ ಬೆಲೆಯನ್ನು 69 ಡಾಲರಿಗೆ ಇಳಿಸಬೇಕಾಯಿತು.

ಬೆಲೆಯಲ್ಲಿ ಇಷ್ಟು ಅಂತರ ಹೇಗೆ ಸಾಧ್ಯವಾಯಿತು? ಹತ್ತು ಕಡೆ ಕಲೆ ಬಿದ್ದಿರುವ ಒಂದು ಥಾನು ಬಟ್ಟೆಯನ್ನು ಊಹಿಸಿಕೊಳ್ಳಿ. ಅದನ್ನು 20 ಶಾಲುಗಳಾಗಿ ಕತ್ತರಿಸಿದರೆ, ಕಲೆಗಳು ಬೇರೆ ಬೇರೆ ತುಂಡುಗಳ ಮೇಲೆ ಬಿದ್ದ ಪಕ್ಷದಲ್ಲಿ, 10 ಶಾಲುಗಳು ಕೆಡುತ್ತವೆ. ಅರ್ಧ ಮಾತ್ರ ಉಳಿಯುತ್ತದೆ. ಅದನ್ನೇ 100 ಕರವಸ್ತ್ರಗಳಾಗಿ ಕತ್ತರಿಸಿದರೆ ಕೆಡುವುದು ಹೆಚ್ಚೆಂದರೆ 10; ಉಳಿದ 90 ಶುದ್ಧವಾಗಿರುತ್ತವೆ. ಚಿಪ್ಪುಗಳನ್ನು ಕೊಯ್ದು ತೆಗೆಯುವ ಸಿಲಿಕಾನ್ ಬಿಲ್ಲೆಯಲ್ಲಿಯೂ ಇಂಥ ದೋಷಗಳು ಇದ್ದೇ ಇರುತ್ತವೆ. ಚಿಪ್ಪು ಚಿಕ್ಕದಾದರೆ ಬಿಲ್ಲೆಯೊಂದರಿಂದ ದೊರೆಯುವ ಸಂಖ್ಯೆಯೂ ಹೆಚ್ಚು, ಅವುಗಳಲ್ಲಿ ಒಳ್ಳೆಯವುಗಳ ಪಾಲೂ ಹೆಚ್ಚು. ಅತ್ಯಾವಶ್ಯಕವಲ್ಲದುದನ್ನು ಬಿಟ್ಟು 6502ನ್ನು 6800ಕ್ಕಿಂತ ಚಿಕ್ಕದಾಗಿ ರಚಿಸಲಾಗಿತ್ತು. ಅಷ್ಟೇ ಅಲ್ಲದೆ, ಚಿತ್ರವನ್ನು ಬಿಲ್ಲೆಯ ಮೇಲೆ ಮೂಡಿಸುವ ಅಚ್ಚಿನಲ್ಲಿ ದೋಷವಿದ್ದರೆ ಅದನ್ನು ತಿದ್ದುವ ವಿಧಾನವೂ ಆ ಸಂಸ್ಥೆಗೆ ತಿಳಿದಿತ್ತು. ಆದುದರಿಂದ ಅಗ್ಗವಾದುದೆಲ್ಲ ಕಳಪೆಯೆಂದು ತಿಳಿಯುವುದು ತಪ್ಪು.

ಇನ್ನು ವೇಗದ ವಿಷಯ. 8080ರ ಗಡಿಯಾರ ಸೆಕೆಂಡಿಗೆ 20 ಲಕ್ಷ ಸಲ ಮಿಡಿಯುತ್ತಿತ್ತು. 6502ರದು 10 ಲಕ್ಷ ಸಲ ಮಾತ್ರ. ಹಾಗಾದರೆ 8080 ಎರಡು ಪಟ್ಟು ಚುರುಕಾದುದೇ? ಬಾವಿಯಿಂದ ನೀರು ಸೇದುವ ಇಬ್ಬರನ್ನು ನೆನೆಯಿರಿ. ಒಬ್ಬನು ಹಗ್ಗವನ್ನು ಎರಡರಷ್ಟು ಬೇಗ ಜಗ್ಗಬಲ್ಲನು. ಆದರೆ ಅವನ ಬಾವಿ ಮೂರರಷ್ಟು ಆಳವಾಗಿದ್ದರೆ ಅವನ ಕೊಡ ಮೇಲಕ್ಕೆ ಬರುವುದು ತಡವಾಗಿಯೇ. ಒಂದು ಕೆಲಸಕ್ಕೆ ಎಷ್ಟು ಮಿಡಿತಗಳು ಬೇಕೆಂಬುದನ್ನೂ ಲೆಕ್ಕಿಸಬೇಕು. ನೆನಪಿನ ಕೋಶದ ಒಂದು ಸ್ಥಾನದಿಂದ ಒಂದು ಬೈಟನ್ನು ತರಲು 8080ಕ್ಕೆ, ಪೂರ್ಣ ವಿಳಾಸವನ್ನು ಆದೇಶದಲ್ಲಿಯೇ ಕೊಟ್ಟಾಗ, 13 ಮಿಡಿತಗಳು ಬೇಕು, ಎಂದರೆ 6.5 ಮೈಕ್ರೋಸೆಕೆಂಡು. ಅದೇ ಕೆಲಸವನ್ನು 6502 ನಾಲ್ಕೇ ಮಿಡಿತಗಳಲ್ಲಿ, ಎಂದರೆ 4 ಮೈಕ್ರೋಸೆಕೆಂಡಿನಲ್ಲಿ, ಮುಗಿಸುತ್ತದೆ. ನಿಧಾನದ ಗಡಿಯಾರದ್ದೇ ಇಲ್ಲಿ ಗೆಲುವು.

ಆದರೆ ಇಷ್ಟಕ್ಕೇ ತೀರ್ಪು ಕೊಡಲಾಗದು. 16 ಬಿಟ್ಟುಗಳ ಎರಡು ಸಂಖ್ಯೆಗಳನ್ನು ಕೂಡಬೇಕೆಂದು ಇಟ್ಟುಕೊಳ್ಳೋಣ. ಅವು ಮೊದಲೇ ತನ್ನ ರಿಜಿಸ್ಟರುಗಳಲ್ಲಿದ್ದರೆ 8080 ಒಂದೇ ಆದೇಶದಿಂದ 10 ಮಿಡಿತಗಳಲ್ಲಿ ಅವನ್ನು ಕೂಡುತ್ತದೆ. ತಗಲುವ ಕಾಲ 5 ಮೈಕ್ರೋಸೆಕೆಂಡು. ಲೆಕ್ಕ ಮಾಡಲು 6502ಕ್ಕೆ ಇರುವುದು 8 ಬಿಟ್ಟುಗಳ ಒಂದೇ ಸಂಚಾಯಕ. ಅದು ಸಂಖ್ಯೆಯ ಅರ್ಧರ್ಧವನ್ನೇ ತಂದು, ಕೂಡಿ, ಮರಳಿ ಇಡಬೇಕು. ನೆನಪಿನ ಅತಿ ಶೀಘ್ರ ಭಾಗವನ್ನು ಬಳಸಿದರೂ ಒಟ್ಟು 20 ಮಿಡಿತಗಳು, ಎಂದರೆ 20 ಮೈಕ್ರೋಸೆಕೆಂಡುಗಳು ಹಿಡಿಯುತ್ತವೆ. ಇಲ್ಲಿ 8080 ನಾಲ್ಕು ಪಟ್ಟು ಮುಂದು. ಯಾವುದು ಚುರುಕು ಎಂಬ ಪ್ರಶ್ನೆಗೆ, ಯಾವ ಕೆಲಸದಲ್ಲಿ ಎಂದು ಕೇಳದೆ ಉತ್ತರವಿಲ್ಲ.

ಈಗ ಬೆಲೆಯನ್ನೂ ಸೇರಿಸಿ ನೋಡೋಣ. ಮೊದಲ ಬೆಲೆಗಳಂತೆ 8080 ಸುಮಾರು 14 ಪಟ್ಟು ದುಬಾರಿ. ತಾನು ಸೋತ ಕೂಡಿಕೆಯಲ್ಲಿಯೂ, ಡಾಲರೊಂದಕ್ಕೆ ದೊರೆಯುವ ಕೆಲಸದಲ್ಲಿ 6502ಯೇ ಮೂರು ಪಟ್ಟಿಗೂ ಮಿಗಿಲು. ಆದರೆ ಈ ಭಾಗಾಕಾರಕ್ಕೂ ಒಂದು ಮಿತಿಯುಂಟು. ಆ ಕೂಡಿಕೆ 10 ಮೈಕ್ರೋಸೆಕೆಂಡಿನೊಳಗೆ ಮುಗಿಯಲೇಬೇಕಾದ ಯಂತ್ರದಲ್ಲಿ 6502 ಎಷ್ಟು ಅಗ್ಗವಾಗಿದ್ದರೇನು, ನಿರುಪಯೋಗಿ. ಚಿಪ್ಪಿನ ಹೊರಗಿನ ವೆಚ್ಚವನ್ನೂ ಮರೆಯಬಾರದು. 8080ಕ್ಕೆ ಮೂರು ಬಗೆಯ ವಿದ್ಯುದ್ವೋಲ್ಟೇಜು ಬೇಕಾಗಿತ್ತು. 6502ಕ್ಕೆ 5 ವೋಲ್ಟು ಒಂದೇ ಸಾಕಾಗಿತ್ತು. 1976ರ ಆಪಲ್ 1, 1977ರ ಆಪಲ್ 2 ಮತ್ತು ಕಮೊಡೋರ್ ಪೆಟ್ ಎಂಬ ಯಂತ್ರಗಳು 6502ನ್ನೇ ಆಶ್ರಯಿಸಿದವು. ಗಣಕವು ಸಾಮಾನ್ಯರ ಮನೆಗೆ ಕಾಲಿಟ್ಟುದಕ್ಕೆ ಈ ಅಗ್ಗದ ಚಿಪ್ಪು ಮುಖ್ಯ ಕಾರಣಗಳಲ್ಲೊಂದು.

ಗಡಿಯಾರದ ಭ್ರಮೆ ಅಲ್ಲಿಗೆ ಮುಗಿಯಲಿಲ್ಲ. 2001ರಲ್ಲಿ ಎಎಂಡಿ ಸಂಸ್ಥೆ 1.53 ಗಿಗಾಹರ್ಟ್ಸಿನ ತನ್ನ ಸಂಸ್ಕಾರಕಕ್ಕೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟಿತು. ಮಿಡಿತವೊಂದರಲ್ಲಿ ತನ್ನ ಚಿಪ್ಪು ಹೆಚ್ಚು ಕೆಲಸ ಮಾಡುವುದೆಂದು ತಿಳಿಸುವುದೇ ಆ ಹೆಸರಿನ ಉದ್ದೇಶ.

ಇಂದಿನ ಸಂಸ್ಕಾರಕಗಳಲ್ಲಿ ಅನೇಕ ಕೋರ್‌ಗಳೂ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳೂ ಇವೆ. ಆದರೂ ಹೋಲಿಸುವ ಕ್ರಮ ಬದಲಾಗಿಲ್ಲ. ನಮಗೆ ಬೇಕಾದ ಕೆಲಸ ಯಾವುದು? ಅದನ್ನೇ ಎರಡು ಯಂತ್ರಗಳಲ್ಲಿಯೂ ಮಾಡಿಸಿದರೆ ತಗಲುವ ಕಾಲವೆಷ್ಟು? ಅದು ನಮಗೆ ಸಾಕೇ? ಇಡೀ ಯಂತ್ರಕ್ಕೆ ತಗಲುವ ಹಣವೆಷ್ಟು? ಈ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡ ವಿದ್ಯಾರ್ಥಿಯು ತಂದೆತಾಯಿಗಳ ಹಣವನ್ನು ಜಾಹೀರಾತಿನ ಅಂಕಿಗಳಿಗೆ ತೆರಬೇಕಾಗುವುದಿಲ್ಲ.