ಕಿದ್ವಾಯಿ ನಗರದ ಹೊಸ ಮಹಡಿಗಳೂ ದುಡಿಯುವವರ ವಾಸವೂ

ಪೂರ್ವ ಕಿದ್ವಾಯಿ ನಗರದ ಹಳೆಯ ಸರಕಾರಿ ವಸತಿಗಳನ್ನು ಕಂಡಿದ್ದ ವಾಚಕರಿಗೆ ಈಗ ಅಲ್ಲಿ ಗುರುತು ಹತ್ತುವುದು ಕಷ್ಟ. ಸುಮಾರು 86 ಎಕರೆ ನೆಲದಲ್ಲಿದ್ದ 2,400ರಷ್ಟು ಮನೆಗಳು ಹೋಗಿ, 4,600ಕ್ಕೂ ಮಿಕ್ಕ ಮನೆಗಳ ಎತ್ತರದ ಮಹಡಿಗಳು ಎದ್ದಿವೆ. ಕಟ್ಟಿದುದು ಎನ್.ಬಿ.ಸಿ.ಸಿ. ಸರಕಾರದ ಬೊಕ್ಕಸವನ್ನು ನೆಚ್ಚದೆ, ಅದೇ ನೆಲದಲ್ಲಿ ಕಟ್ಟಿದ ವಾಣಿಜ್ಯ ಜಾಗವನ್ನು ಮಾರಿ ವೆಚ್ಚ ಹೊಂದಿಸಿದ ಕ್ರಮವು ಗಮನಾರ್ಹವಾದುದು. ನಗರಮಧ್ಯದ ನೆಲವು ತನ್ನ ಮೇಲಿನ ಮನೆಗಳ ಖರ್ಚನ್ನು ತಾನೇ ಹೊರಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಇವು ಸರಕಾರಿ ನೌಕರರಿಗೆ ಮೀಸಲಾದ ಮನೆಗಳು. ಅವರ ಬಟ್ಟೆಗೆ ಇಸ್ತ್ರಿ ಹಾಕುವವನು, ಪಾತ್ರೆ ಬೆಳಗುವವಳು, ತರಕಾರಿ ಗಾಡಿಯವನು ಎಲ್ಲಿ ತಲೆಯೂರಬೇಕು? ಹೋಟೆಲು ನಡೆಸಿದವರು ಬಲ್ಲರು: ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಬೇಕಾದ ಅಡಿಗೆಯವನು ಊರಂಚಿನ ನರೇಲಾದಿಂದ ಬರಲಾರ, ಆ ಹೊತ್ತಿಗೆ ಮೆಟ್ರೊ ರೈಲೂ ಓಡದು. ನರೇಲಾದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಕಟ್ಟಿದ ಮನೆಗಳೆಷ್ಟೋ ಬಹುಕಾಲ ಕೊಳ್ಳುವವರಿಲ್ಲದೆ ಉಳಿದುದಕ್ಕೆ ದೂರವೂ ಒಂದು ಕಾರಣ.

ಗುಡಿಸಲಿದ್ದೆಡೆಯಲ್ಲಿಯೇ ಮನೆ ಕೊಡುವ ಯತ್ನ ನಡೆಯದಿಲ್ಲ. 2025ರ ಜನವರಿ 3ರಂದು ಅಶೋಕ ವಿಹಾರದಲ್ಲಿ 1,675 ಮನೆಗಳ ಉದ್ಘಾಟನೆಯಾಯಿತು. ಮನೆಯೊಂದಕ್ಕೆ ಸರಕಾರದ ವೆಚ್ಚ ಸುಮಾರು 25 ಲಕ್ಷ ರೂಪಾಯಿ; ನಿವಾಸಿ ತೆರಬೇಕಾದುದು 1.42 ಲಕ್ಷ, ಅದರ ಮೇಲೆ ಐದು ವರ್ಷದ ನಿರ್ವಹಣೆಗೆ 30,000. ಉದಾರವೇ ಸರಿ. ಆದರೆ ಆರನೆಯ ವರ್ಷ ಲಿಫ್ಟು ಕೆಟ್ಟು ನಿಂತಾಗ ದಿನಗೂಲಿಯವನ ಗತಿಯೇನು? ಬಡವನ ಮನೆಗೆ ನಕ್ಷೆ ಬರೆಯುವವರು ಕಟ್ಟುವ ಖರ್ಚಿನಷ್ಟೇ ಕಾಳಜಿಯಿಂದ ಬಾಳುವ ಖರ್ಚನ್ನೂ ಲೆಕ್ಕ ಹಾಕಬೇಕು. ಮೆಟ್ಟಿಲು ಹತ್ತಿ ಹೋಗುವ ನಾಲ್ಕಂತಸ್ತು ಅನೇಕರಿಗೆ ಮೇಲು.

ಆಫ್ರಿಕದ ಅಡಿಸ್ ಅಬಾಬ ನಗರದ ಸರಕಾರಿ ವಸತಿಗಳಲ್ಲಿ ಮಾದರಿಯಾಗಬಲ್ಲ ಅಂಶವೊಂದುಂಟು. ಅಡಿಗೆ ಮಾಡಲು, ಬಟ್ಟೆ ಒಗೆಯಲು, ಹಬ್ಬಕ್ಕೆ ಕುರಿ ಕೊಯ್ಯಲು ಕೂಡ ನೆಲಮಟ್ಟದಲ್ಲಿ ಎಲ್ಲರಿಗೂ ಸೇರಿದ ಕಟ್ಟಡಗಳನ್ನು ಅಲ್ಲಿ ಒದಗಿಸಿದರು. ಅಲ್ಲಿಯೂ ಅನೇಕ ಮನೆಗಳು ಊರ ಹೊರಗೇ ಬಿದ್ದುವು, ಅದು ಬೇರೆ ಮಾತು. ನಮ್ಮಲ್ಲಿ ಹಪ್ಪಳ ಹಾಕುವವಳಿಗೆ, ಹಿಟ್ಟು ರುಬ್ಬಿ ಮಾರುವವನಿಗೆ ಹತ್ತನೆಯ ಅಂತಸ್ತಿನ ಒಂದು ಕೋಣೆ ಸಾಲದು.

ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಏಳು ಬಡಾವಣೆಗಳನ್ನು ಹೊಸದಾಗಿ ಕಟ್ಟಲು ಕೇಂದ್ರ ಸಂಪುಟವು 2016ರಲ್ಲಿ ಒಪ್ಪಿತು. ಅಲ್ಲಿಯೂ ಜಾಗ ಮಾರಿಯೇ ಹಣ ಹೊಂದಿಸುವ ಏರ್ಪಾಡು. ಇನ್ನು ಮುಂದೆ ಇಂಥ ಯೋಜನೆ ಬಂದಾಗ, ಮಾರುವ ಜಾಗದಲ್ಲಿ ನೂರಕ್ಕೆ ಐದು ಪಾಲನ್ನಾದರೂ ದುಡಿಯುವವರ ಬಾಡಿಗೆ ಕೋಣೆಗಳಿಗೆ ತೆಗೆದಿರಿಸಬೇಕೆಂದು ಕರ್ನಾಟಕದ ಸಂಸತ್ ಸದಸ್ಯರು ಸದನದಲ್ಲಿ ಕೇಳಲಿ. ನಮ್ಮ ಹೋಟೆಲುಗಳ ಮಾಣಿಗಳಲ್ಲಿ ಹಲವರು ಇಂದಿಗೂ ಅಂಗಡಿ ಮುಚ್ಚಿದ ಮೇಲೆ ಮೇಜುಗಳ ಮೇಲೆಯೇ ಹಾಸಿಗೆ ಬಿಚ್ಚುತ್ತಿದ್ದಾರೆ.