ಗುಳಿಗೆಯನ್ನು ಅರ್ಧಕ್ಕೆ ಬಿಡಬಾರದೇಕೆ?



ಮಾರಕ ಮಲೇರಿಯಾ ತರುವ ಫಾಲ್ಸಿಪಾರಂ ರೋಗಾಣು ಕೆಂಪು ರಕ್ತಕಣವನ್ನು ಹೊಕ್ಕರೆ ಸುಮಾರು 48 ಗಂಟೆಗಳಲ್ಲಿ 16ರಿಂದ 32 ಮರಿಗಳಾಗಿ ಹೊರಬೀಳುತ್ತದೆ. ಪ್ರತಿ ಮರಿಗೂ ಸುಮಾರು 2 ಕೋಟಿ 30 ಲಕ್ಷ ಅಕ್ಷರಗಳ ಡಿಎನ್‌ಎ ಬರಹದ ನಕಲು ಬೇಕು. ನಕಲಿನ ತಪ್ಪು ತಿದ್ದುವ, ಮುರಿದ ಎಳೆ ಜೋಡಿಸುವ ಏರ್ಪಾಡು ಅದಕ್ಕೂ ಉಂಟು. ಆದರೂ ಕೆಲವು ತಪ್ಪುಗಳು ಉಳಿದುಬಿಡುತ್ತವೆ.

ಪೈರಿಮೆಥಮಿನ್ ಎಂಬ ಔಷಧ ಡಿಎನ್‌ಎ ಕಟ್ಟುವ ಸಾಮಗ್ರಿಯೇ ತಯಾರಾಗದಂತೆ ತಡೆಯುತ್ತದೆ. ಅದು ಹಿಡಿಯುವ ಕಿಣ್ವದ ಬರಹದಲ್ಲಿ, ಒಂದು ಗೊತ್ತಾದ ಜಾಗದಲ್ಲಿ, ಒಂದೇ ಅಕ್ಷರ ಬದಲಾದರೂ ಔಷಧದ ಬಲ ಕುಗ್ಗುತ್ತದೆ. ಮದ್ದು ಅರೆಬರೆಯಾದರೆ ಮಿಕ್ಕವು ಸತ್ತು ಇಂಥವೇ ಉಳಿದು ಬೆಳೆಯುತ್ತವೆ.

ಆದ್ದರಿಂದ ಜ್ವರ ಬಂದ ತೋಟದ ಕೆಲಸಗಾರರಿಗೆ ಕೂಡಲೇ ರಕ್ತಪರೀಕ್ಷೆ ಮಾಡಿಸಿರಿ. ವೈದ್ಯರು ಕೊಟ್ಟ ಗುಳಿಗೆಯನ್ನು ಚಳಿ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಗೊಡಬೇಡಿರಿ.