ಜಾಲಪುಟದಲ್ಲಿ ದೀರ್ಘಸ್ಪರ್ಶ

ಮೊಬೈಲಿನ ಗಾಜಿನ ಮೇಲೆ ಬೆರಳು ಮಾಡುವ ಕೆಲಸಗಳು ಮುಖ್ಯವಾಗಿ ಮೂರು: ತಟ್ಟುವುದು, ಸರಿಸುವುದು, ಒತ್ತಿ ಹಿಡಿಯುವುದು. ಮೂರನೆಯದನ್ನು ಇಲ್ಲಿ ‘ದೀರ್ಘಸ್ಪರ್ಶ’ವೆಂದು ಕರೆಯೋಣ. ಕೆಲವು ಕನ್ನಡ ಕೀಲಿಮಣೆಗಳಲ್ಲಿ ‘ಕ’ಕಾರವನ್ನು ಒತ್ತಿ ಹಿಡಿದರೆ ‘ಖ’ಕಾರ ದೊರೆಯುತ್ತದೆ. ಮಹಾಪ್ರಾಣಕ್ಕೆ ತುಸು ಹೆಚ್ಚಿನ ಉಸಿರು ಬೇಕೆಂದು ಪಾಠ ಹೇಳುವ ಅಧ್ಯಾಪಕರಿಗೆ ಇದು ರುಚಿಸೀತು.

ಜಾಲಪುಟದಲ್ಲಿ ದೀರ್ಘಸ್ಪರ್ಶಕ್ಕೆ ಮೊದಲೇ ಒಂದು ಅರ್ಥವಿದೆ. ಪದದ ಮೇಲೆ ಒತ್ತಿ ಹಿಡಿದರೆ ಆ ಪದ ಆಯ್ಕೆಯಾಗುತ್ತದೆ. ಚಿತ್ರದ ಮೇಲಾದರೆ ಅದನ್ನು ಉಳಿಸಿಕೊಳ್ಳುವ ಪಟ್ಟಿ ತೆರೆಯುತ್ತದೆ. ಇದು ಓದುಗನಿಗೆ ಬ್ರೌಸರ್ ಕೊಟ್ಟಿರುವ ಸೌಲಭ್ಯ. ಪುಟ ರಚಿಸುವವನು ಅದನ್ನು ತನ್ನ ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಓದುಗನಿಗೆ ಆಗುವ ನಷ್ಟವನ್ನು ಎಣಿಸಬೇಕು.

ಕನ್ನಡದಲ್ಲಿ ಈ ನಷ್ಟ ಸಣ್ಣದಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರಜಾಲದಲ್ಲಿ ಮುಕ್ತವಾಗಿ ದೊರೆಯುತ್ತಿದೆ. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ವಿದ್ಯಾರ್ಥಿಯು ‘ಅರಮನೆಯವರಿಗೂ’ ಎಂಬ ಪದವನ್ನು ಒತ್ತಿ ಹಿಡಿದರೆ ಇಡೀ ಪದ ಆಯ್ಕೆಯಾಗುತ್ತದೆ. ಪ್ರತ್ಯಯಗಳನ್ನು ಬಿಟ್ಟು ‘ಅರಮನೆ’ಯಷ್ಟನ್ನೇ ಆಯ್ದು ನಿಘಂಟಿಗೆ ಒಯ್ಯಲು ಅಂಚಿನ ಹಿಡಿಕೆಗಳನ್ನು ಎಳೆಯಬೇಕು. ಹೀಗಿರುವಾಗ, ಬರಹವನ್ನು ಯಾರಾದರೂ ಕದ್ದಾರೆಂಬ ಅಂಜಿಕೆಯಿಂದ ಆಯ್ಕೆಯನ್ನೇ ನಿಷೇಧಿಸುವ ಪುಟಗಳು ಎಷ್ಟೋ ಇವೆ. ಕದಿಯುವವನು ಪರದೆಯ ಚಿತ್ರ ತೆಗೆದುಕೊಂಡು ಹೋಗುತ್ತಾನೆ. ಅರ್ಥ ಹುಡುಕುವ ಬಾಲಕನಿಗೆ ಮಾತ್ರ ಬಾಗಿಲು ಮುಚ್ಚುತ್ತದೆ.

ಹಾಗೆಂದು ದೀರ್ಘಸ್ಪರ್ಶವನ್ನು ಬಳಸಲೇಬಾರದೆಂದಲ್ಲ. ಶಾಲೆಯ ಹಳೆಯ ಗುಂಪುಚಿತ್ರವೊಂದು ಜಾಲಪುಟದಲ್ಲಿದೆಯೆನ್ನಿ. ಮುಖವೊಂದನ್ನು ಒತ್ತಿ ಹಿಡಿದರೆ ಹೆಸರು ಮೂಡಬೇಕು. ಬೆರಳು ತಾಗಿದೊಡನೆ ಗಡಿಯಾರ ಹೊರಡಿಸಿ, ಸುಮಾರು ಅರ್ಧ ಸೆಕೆಂಡು, ಅಂದರೆ 500 ಮಿಲಿಸೆಕೆಂಡು, ಕಳೆದ ಮೇಲೆ ಹೆಸರನ್ನು ತೋರಿಸುವುದು ವಾಡಿಕೆಯ ಕ್ರಮ. ಅಷ್ಟರೊಳಗೆ ಬೆರಳು ಎದ್ದರೆ ಅದು ಬರಿಯ ತಟ್ಟು. ಬೆರಳು ಸರಿದರೆ ಓದುಗನು ಪುಟವನ್ನು ಉರುಳಿಸುತ್ತಿದ್ದಾನೆ. ಎರಡರಲ್ಲೂ ಗಡಿಯಾರವನ್ನು ರದ್ದುಪಡಿಸಬೇಕು. ಬ್ರೌಸರ್ ತಾನೇ ಸ್ಪರ್ಶವನ್ನು ಕಸಿದುಕೊಂಡು ‘ಪಾಯಿಂಟರ್‌ಕ್ಯಾನ್ಸಲ್’ ಎಂಬ ಸೂಚನೆ ಕಳುಹಿಸಿದಾಗಲೂ ಹಾಗೆಯೇ. ಇದನ್ನು ಮರೆತಲ್ಲಿ ಪುಟ ಉರುಳುತ್ತಿರುವಾಗಲೇ ಹೆಸರುಗಳು ಮೂಡತೊಡಗುತ್ತವೆ. ಹೆಸರು ಕಾಣಿಸಿದ ಬಳಿಕ ಬೆರಳೆತ್ತಿದಾಗ ಬರಬಹುದಾದ ‘ಕ್ಲಿಕ್’ ಅನ್ನೂ ತಡೆಯಬೇಕು.

ಸರಿಯುವುದೆಂದರೆ ಎಷ್ಟು? ನಮ್ಮ ಊರಿನ ಮಟ್ಟಿಗೆ ಈ ಪ್ರಶ್ನೆ ಮುಖ್ಯವಾದುದು. ಆಷಾಢದ ಮಳೆಯಲ್ಲಿ ದೇರೆಬೈಲಿನಲ್ಲಿ ಬಸ್ಸಿಗಾಗಿ ನಿಂತವರ ಮೊಬೈಲಿನ ಗಾಜು ಒಣಗಿರುವುದು ಅಪರೂಪ. ಈ ಗಾಜು ಬೆರಳನ್ನು ಗುರುತಿಸುವುದು ವಿದ್ಯುತ್ ಧಾರಕತೆಯ ಬದಲಾವಣೆಯಿಂದ. ನೀರಿನ ಹನಿಯೂ ಆ ಲೆಕ್ಕವನ್ನು ಕೆಡಿಸುವುದರಿಂದ ಕದಲದ ಬೆರಳೂ ಕದಲಿದಂತೆ ತೋರುತ್ತದೆ. ವೃದ್ಧರ ನಡುಗುವ ಕೈಯದೂ ಇದೇ ಕಥೆ. ಆದ್ದರಿಂದ ಒಂದು ಚುಕ್ಕೆಯಷ್ಟು ಸರಿದೊಡನೆ ರದ್ದುಮಾಡದೆ, ಸುಮಾರು 10 ಪಿಕ್ಸೆಲ್‌ಗಳ ಸಡಿಲಿಕೆಯನ್ನು ಕೊಡುವುದು ಯುಕ್ತ.

ಕಾಲದ ವಿಷಯದಲ್ಲಿ ಹಲವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಬೆರಳು ನಿಧಾನವಾದವರಿಗಾಗಿ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಒತ್ತಿಹಿಡಿಯುವ ಅವಧಿಯನ್ನು ಹೆಚ್ಚಿಸಿಕೊಳ್ಳುವ ಅವಕಾಶವಿದೆ. ಪುಟವು ತನ್ನದೇ ಗಡಿಯಾರ ಇಟ್ಟುಕೊಂಡರೆ ಆ ಏರ್ಪಾಡು ನಿಷ್ಫಲವಾಗುತ್ತದೆ. ಅಲ್ಲಿನ ಕ್ರೋಮ್ ಬ್ರೌಸರ್ ದೀರ್ಘಸ್ಪರ್ಶವಾದಾಗ ‘ಕಾಂಟೆಕ್ಸ್ಟ್‌ಮೆನು’ ಎಂಬ ಸೂಚನೆಯನ್ನು ತಾನೇ ಕೊಡುವುದರಿಂದ ಅದನ್ನೇ ಆಶ್ರಯಿಸುವುದು ಲೇಸು. ಐಫೋನಿನ ಸಫಾರಿ ಬೆರಳಿನ ಸ್ಪರ್ಶಕ್ಕೆ ಈ ಸೂಚನೆಯನ್ನು ಕೊಡುವುದಿಲ್ಲ. ಅಲ್ಲಿ ಸ್ವಂತ ಗಡಿಯಾರ ಅನಿವಾರ್ಯ. ಬ್ರೌಸರ್ ತೆರೆಯುವ ಪಟ್ಟಿಯನ್ನು ಆ ಚಿತ್ರಕ್ಕೆ ಮಾತ್ರ ತಡೆದು, ಪುಟದ ಉಳಿದ ಬರಹವನ್ನು ಮುಟ್ಟದೆ ಬಿಡಬೇಕು.

ಇಷ್ಟೆಲ್ಲ ಮಾಡಿದರೂ ಮುಖದ ಮೇಲೆ ಒತ್ತಿ ಹಿಡಿಯಬೇಕೆಂದು ನೋಡುಗನಿಗೆ ಹೇಳುವವರಾರು? ಚಿತ್ರದ ಕೆಳಗೆ ‘ಹೆಸರುಗಳನ್ನು ತೋರಿಸು’ ಎಂಬ ಗುಂಡಿಯೊಂದು ಕಣ್ಣಿಗೆ ಕಾಣುವಂತಿರಲಿ. ಒತ್ತಿ ಹಿಡಿಯಲಾರದವರು ಅದನ್ನು ತಟ್ಟಿದರೆ ಸಾಕು.